ಹಿಮದ ನಾಡಿಗೆಂದು ಮಾಡಿದ ಈಜುಕೊಳದ ಚಳಿಗಾಲದ ಕಿಟ್: ಮಿನಿಯಾಪೊಲಿಸ್‌ನಲ್ಲಿ ಮತ್ತು ದಾವಣಗೆರೆಯಲ್ಲಿ

ನೆಲದ ಮೇಲೆ ನಿಲ್ಲಿಸುವ ಈಜುಕೊಳವನ್ನು ಚಳಿಗಾಲಕ್ಕೆ ಮುಚ್ಚಿಡಲು ಬೇಕಾಗುವ ಸಾಮಾನುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಅಮೆರಿಕದಲ್ಲಿ ‘ವಿಂಟರ್ ಕ್ಲೋಸಿಂಗ್ ಕಿಟ್’ ಎಂದು ಮಾರುತ್ತಾರೆ. ಅದೇ ಬಗೆಯ ಕಿಟ್ಟನ್ನು ಮಿನಿಯಾಪೊಲಿಸ್‌ನಲ್ಲಿರುವ ಮಗನ ಮನೆಯಲ್ಲಿಯೂ ದಾವಣಗೆರೆಯ ಹೊರಗಿನ ನಮ್ಮ ತೋಟದ ಮನೆಯಲ್ಲಿಯೂ ಬಳಸಿ ನೋಡಿರುವುದರಿಂದ ಅದರ ಗುಣದೋಷಗಳನ್ನು ಎರಡೂ ಕಡೆಯ ಅನುಭವದಿಂದ ಬರೆಯುತ್ತಿದ್ದೇನೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆಂದು ಪೈಪಿನ ಚೌಕಟ್ಟಿನ ಕೊಳಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಅಂಗಳದಲ್ಲಿ ಹೂಡುವವರು ಈಗ ನಮ್ಮ ಕಡೆಯೂ ಇದ್ದಾರೆ. ದಸರೆ ಕಳೆದು ಮಾಗಿ ಹತ್ತಿರವಾದಾಗ ಆ ಕೊಳವನ್ನು ಏನು ಮಾಡಬೇಕು ಎಂದು ಹುಡುಕಿದರೆ ಸಿಗುವ ಸೂಚನೆಗಳು ಬಹುಪಾಲು ನೀರು ಹೆಪ್ಪುಗಟ್ಟುವ ನಾಡಿನವು. ಅವುಗಳಲ್ಲಿ ಯಾವುದು ಅಲ್ಲಿಗೆ ಮಾತ್ರ ಸೇರಿದ್ದು, ಯಾವುದು ಇಲ್ಲಿಯೂ ಸಲ್ಲುತ್ತದೆ ಎಂಬುದನ್ನು ತಿಳಿಯದೆ ಹಣ ಹಾಕಬಾರದು ಎಂಬುದೇ ಈ ವಿಮರ್ಶೆಯ ಕಾಳಜಿ.

ಪೆಟ್ಟಿಗೆಯಲ್ಲಿ ಇರುವ ಸಾಮಾನು ಹೀಗಿದೆ. 15 ಅಡಿ ವ್ಯಾಸದ ದುಂಡು ಕೊಳಕ್ಕೆ ಹೊಂದುವಂತೆ ಸುತ್ತಲೂ ಸುಮಾರು 2 ಅಡಿ ಹೆಚ್ಚಿಗೆ ಬಿಟ್ಟು ಮಾಡಿದ ಪಾಲಿಥಿಲೀನ್ ಹೊದಿಕೆ, ಅದರ ಅಂಚಿನ ಲೋಹದ ಕಣ್ಣುಗಳೊಳಗೆ ಪೋಣಿಸುವ ಪ್ಲಾಸ್ಟಿಕ್ ಲೇಪದ ತಂತಿ ಹಗ್ಗ, ಅದನ್ನು ಬಿಗಿಯುವ ಸಣ್ಣ ವಿಂಚು, 4 ಅಡಿ ಚೌಕದ ಗಾಳಿದಿಂಬು, ನೀರು ಒಳಹೋಗುವ ಮತ್ತು ಹೊರಬರುವ ಬಾಯಿಗಳಿಗೆ ಹಾಕುವ ಬಿರಡೆಗಳು ಮತ್ತು 28 ಸಾವಿರ ಲೀಟರಿನವರೆಗಿನ ಕೊಳಕ್ಕೆ ಸಾಲುವ ರಾಸಾಯನಿಕಗಳ ಪೊಟ್ಟಣ. ಅಲ್ಲಿ ಇದು ನೂರು ಡಾಲರಿನೊಳಗೆ ಸಿಗುತ್ತದೆ. ಒಂದೇ ತರಹದ ಸಾಮಾನು ಹಲವು ಹೆಸರಿನಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರಿಗಿಂತ ಸಾಮಾನಿನ ಕೆಲಸವನ್ನು ನೋಡುವುದೇ ಸರಿ.

ಮೊದಲು ಚಳಿಯ ಊರಿನ ಮಾತು. ಮಿನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣಾಂಶವೇ ಸೊನ್ನೆಗಿಂತ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಉತ್ತರದ ಗಾಳಿ ಬೀಸಿದ ದಿನಗಳಲ್ಲಿ ಅದು ಮೈನಸ್ 25ರ ಆಸುಪಾಸಿಗೆ ಇಳಿಯುತ್ತದೆ. ನೆಲದೊಳಗಿನ ತೇವವೂ ಮಂಜುಗಡ್ಡೆಯಾಗುವ ಕಾರಣ ಆ ಭಾಗದಲ್ಲಿ ಕಟ್ಟಡದ ಪಾಯವನ್ನು ಕನಿಷ್ಠ 42 ಇಂಚು ಆಳಕ್ಕೆ ಇಳಿಸಬೇಕೆಂಬ ನಿಯಮವಿದೆ. ನೀರು ಗಡ್ಡೆಯಾಗುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ, ಆ ಹಿಗ್ಗುವಿಕೆಯನ್ನು ತಡೆದು ನಿಲ್ಲಿಸುವ ಶಕ್ತಿ ಪ್ಲಾಸ್ಟಿಕ್ ಕೊಳವೆಗೂ ಇಲ್ಲ, ತೆಳು ಉಕ್ಕಿನ ತಗಡಿಗೂ ಇಲ್ಲ. ಆದುದರಿಂದ ಅಲ್ಲಿ ಕೊಳ ಮುಚ್ಚುವ ಕೆಲಸದಲ್ಲಿ ಬಹುಭಾಗ, ಗಡ್ಡೆಗೆ ಹಿಗ್ಗಲು ಜಾಗ ಮಾಡಿಕೊಡುವುದು ಮತ್ತು ಜಾಗವಿಲ್ಲದ ಕಡೆಗಳಿಂದ ನೀರನ್ನು ಪೂರ್ತಿ ತೆಗೆಯುವುದು, ಇವೆರಡೇ ಆಗಿವೆ.

ಹಾಗಿದ್ದರೆ ಕೊಳವನ್ನೇ ಬರಿದು ಮಾಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಗನ ಮನೆಯಲ್ಲಿರುವಂಥ ತಗಡಿನ ಗೋಡೆಯ ಕೊಳದಲ್ಲಿ ಹಾಗೆ ಮಾಡಬಾರದು. ಗೋಡೆಯನ್ನು ನೆಟ್ಟಗೆ ನಿಲ್ಲಿಸಿರುವುದೇ ಒಳಗಿನ ನೀರಿನ ಒತ್ತಡ. ಅದಿಲ್ಲದಿದ್ದರೆ ಗಾಳಿಯ ಒಂದು ಹೊಡೆತಕ್ಕೆ ತಗಡು ಒಳಕ್ಕೆ ಮಡಚಿಕೊಳ್ಳಬಹುದು. ನೀರು ಹಿಡಿಯಲು ಒಳಗೆ ಹಾಸಿದ ವಿನೈಲ್ ಹಾಳೆ, ಅಂದರೆ ಲೈನರ್, ಒಣಗಿ ಕುಗ್ಗುತ್ತದೆ, ಚಳಿಗೆ ಸೆಟೆದು ಮತ್ತೆ ನೀರು ತುಂಬುವಾಗ ಮೂಲೆಗಳಲ್ಲಿ ಸೀಳುತ್ತದೆ. ಗೋಡೆಯ ಮೇಲ್ಭಾಗದಲ್ಲಿರುವ, ತೇಲುವ ಕಸವನ್ನು ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಗಿಂತ ಕೆಲವೇ ಇಂಚು ಕೆಳಗಿನವರೆಗೆ ನೀರು ಇಳಿಸಿ, ಉಳಿದದ್ದನ್ನು ಹಾಗೆಯೇ ಬಿಡುವುದು ಸರಿಯಾದ ಕ್ರಮ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲಕ್ಕೆ ಬರುವುದರಿಂದ ಗಡ್ಡೆ ಮೇಲಿನಿಂದ ಕಟ್ಟುತ್ತಾ ಕೆಳಗೆ ಇಳಿಯುತ್ತದೆ, ಅಡಿಯಲ್ಲಿ ನೀರು ನೀರಾಗಿಯೇ ಉಳಿದು ಲೈನರಿಗೆ ಆಸರೆಯಾಗುತ್ತದೆ.

ಅಕ್ಟೋಬರ್‌ನಲ್ಲಿ ಮಗ, ಸೊಸೆ ಮತ್ತು ನಾನು ಸೇರಿ ಅಲ್ಲಿನ ಕೊಳವನ್ನು ಮುಚ್ಚಿದೆವು. ನೀರಿನ ಉಷ್ಣಾಂಶ 15 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಮುಚ್ಚಬಾರದು ಎಂದು ಕೈಪಿಡಿ ಹೇಳುತ್ತದೆ, ಇದು ಅಕ್ಷರಶಃ ಪಾಲಿಸಬೇಕಾದ ಮಾತು. ಬೆಚ್ಚಗಿನ ನೀರಿಗೆ ಹೊದಿಕೆ ಹಾಕಿದರೆ ಪಾಚಿ ಒಳಗೊಳಗೇ ಬೆಳೆದು, ಮೇ ತಿಂಗಳಲ್ಲಿ ತೆರೆದಾಗ ನೀರನ್ನೆಲ್ಲ ಹೊರಗೆ ಚೆಲ್ಲಬೇಕಾದೀತು. ತಳದ ಎಲೆ, ಕೆಸರು ತೆಗೆದು, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಅನ್ನು 7.4ರ ಹತ್ತಿರಕ್ಕೆ ತಂದು, ಕ್ಷಾರತೆ 80ರಿಂದ 120 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ನಡುವೆ ಇದೆಯೆಂದು, ನೀರಿಗೆ ಅದ್ದಿದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯಲ್ಲಿ ನೋಡಿ, ಪೊಟ್ಟಣದ ಶಾಕ್ ಪುಡಿಯನ್ನು, ಅಂದರೆ ಜೋರಾದ ಕ್ಲೋರಿನ್ ಪುಡಿಯನ್ನು, ಬಕೆಟ್ ನೀರಿನಲ್ಲಿ ಕರಗಿಸಿ ಸುತ್ತಲೂ ಹಾಕಿ, ಪಂಪನ್ನು ಓಡಿಸಿಟ್ಟು, ಕ್ಲೋರಿನ್ನಿನ ಜೋರು ಇಳಿದ ಮೇಲೆ ಪಾಚಿನಾಶಕ ಸೇರಿಸಿದೆವು. ಈ ಅನುಕ್ರಮ ಮುಖ್ಯ. ಕ್ಲೋರಿನ್ ಜೋರಾಗಿರುವಾಗಲೇ ಪಾಚಿನಾಶಕ ಹಾಕಿದರೆ ಅದು ನಾಶವಾಗಿ ಹಣ ನೀರಿಗೆ ಹೋಗುತ್ತದೆ. ಪೊಟ್ಟಣದಲ್ಲಿ ಇದನ್ನು ಬರೆದಿದ್ದಾರೆ, ಆದರೆ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಕೈಪಿಡಿಯ ಮೇಲೆ ನನ್ನ ದೊಡ್ಡ ಆಕ್ಷೇಪವೆಂದರೆ ಪಂಪು ಮತ್ತು ಫಿಲ್ಟರಿನ ವಿಚಾರವನ್ನು ಕೊನೆಯ ಸಾಲುಗಳಿಗೆ ತಳ್ಳಿರುವುದು. ಚಳಿಯ ಊರಿನಲ್ಲಿ ಎಲ್ಲಕ್ಕಿಂತ ಮೊದಲು ಒಡೆಯುವುದು ಅವೇ. ಪಂಪಿನ ತಳದಲ್ಲಿರುವ ಬಿರಡೆಯನ್ನು ಬಿಚ್ಚಿ, ಕವಚದೊಳಗೆ ಉಳಿದ ನೀರನ್ನು ಅಲುಗಾಡಿಸಿ ಸುರಿಸಿ, ಮರಳಿನ ಫಿಲ್ಟರಾದರೆ ಟ್ಯಾಂಕಿನ ಕೆಳಗಿನ ತೂಬನ್ನು ತೆರೆದು ಬಿಟ್ಟು, ಕೊಳವೆಗಳನ್ನೆಲ್ಲ ಕಳಚಿ ಗ್ಯಾರೇಜಿನೊಳಗೆ ಇಡಬೇಕು. ಬಿಚ್ಚಿದ ಬಿರಡೆಗಳನ್ನು ಮತ್ತೆ ತಿರುಗಿಸಿ ಹಾಕದೆ, ಪಂಪಿನ ಬುಟ್ಟಿಯೊಳಗೇ ಹಾಕಿಟ್ಟರೆ ವಸಂತದಲ್ಲಿ ಹುಡುಕುವ ಕೆಲಸವಿರುವುದಿಲ್ಲ. ಕೊಳವೆಗಳಲ್ಲಿ ನೀರು ಉಳಿಯುವ ಅನುಮಾನವಿದ್ದವರು ಪ್ರೊಪಿಲೀನ್ ಗ್ಲೈಕಾಲ್ ಇರುವ, ಕೊಳಕ್ಕೆಂದೇ ಮಾರುವ, ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಫ್ರೀಜ್ ದ್ರವ ಹಾಕುತ್ತಾರೆ; ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಈ ಕೆಲಸಕ್ಕೆ ಮುಟ್ಟಲೇಬಾರದು.

ಬಿರಡೆಗಳು ಚೆನ್ನಾಗಿವೆ, ಸರಿಯಾಗಿ ಕೂರುತ್ತವೆ, ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ.

ಗಾಳಿದಿಂಬು ಬಹಳ ಮಂದಿಗೆ ಅರ್ಥವಾಗದ ಸಾಮಾನು. ಹೊದಿಕೆಯ ಕೆಳಗೆ, ಕೊಳದ ನಟ್ಟನಡುವೆ ತೇಲುವಂತೆ ಇದನ್ನು ಕಟ್ಟುತ್ತಾರೆ. ಗಡ್ಡೆ ಹರಡಿ ಹಿಗ್ಗುವಾಗ ಸುತ್ತಲಿನ ಗೋಡೆಯನ್ನು ಒತ್ತುವ ಬದಲು ನಡುವಿನ ಈ ಮೆತ್ತನೆಯ ಗಾಳಿಯನ್ನು ಅದುಮಲಿ ಎಂಬುದು ಉದ್ದೇಶ. ಅದಕ್ಕಾಗಿಯೇ ಇದನ್ನು ಗಟ್ಟಿಯಾಗಿ ಊದಬಾರದು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಊದಿ, ಕೈಯಿಟ್ಟರೆ ತಗ್ಗುವಂತೆ ಬಿಡಬೇಕು. ಪೂರ್ತಿ ಉಬ್ಬಿದ ದಿಂಬು ಗಡ್ಡೆಯ ಒತ್ತಡಕ್ಕೆ ಸಿಡಿಯುತ್ತದೆ. ಕಿಟ್ಟಿನಲ್ಲಿ ಬಂದ ದಿಂಬಿನ ಹೊಲಿಗೆ ಗಟ್ಟಿಯಾಗಿತ್ತು, ವಸಂತದವರೆಗೆ ಗಾಳಿ ಹಿಡಿದಿತ್ತು. ಆದರೆ ಅದನ್ನು ನಡುವೆ ನಿಲ್ಲಿಸಲು ಎರಡೂ ಬದಿಗೆ ಕಟ್ಟಬೇಕಾದ ಹಗ್ಗವನ್ನು ಪೆಟ್ಟಿಗೆಯಲ್ಲಿ ಕೊಟ್ಟಿಲ್ಲ. ಹಗ್ಗವಿಲ್ಲದೆ ತೇಲಿಬಿಟ್ಟರೆ ಅದು ಒಂದು ಅಂಚಿಗೆ ಸರಿದು, ಇದ್ದೂ ಇಲ್ಲದಂತಾಗುತ್ತದೆ. ಇಷ್ಟು ದುಡ್ಡಿನ ಸಾಮಾನಿನಲ್ಲಿ ಹತ್ತು ಮೊಳ ಹಗ್ಗ ಇಡದಿರುವುದು ತಯಾರಕರ ಅಲಕ್ಷ್ಯವೆಂದೇ ಹೇಳಬೇಕು.

ಹೊದಿಕೆಯೇ ಕಿಟ್ಟಿನ ಜೀವ. ಮೇಲ್ಮೈ ಗಾಢ ನೀಲಿ, ಒಳಮೈ ಕಪ್ಪು. ಬೆಳಕು ಒಳಗೆ ಬರದಿದ್ದರೆ ಪಾಚಿಗೆ ಆಹಾರ ಕಟ್ಟಿಕೊಳ್ಳಲು ಆಗುವುದಿಲ್ಲ ಎಂಬ ಲೆಕ್ಕದಲ್ಲಿ ಹೀಗೆ ಮಾಡಿದ್ದಾರೆ. ನೇಯ್ಗೆ ಒತ್ತಾಗಿದೆ, ಸೂರ್ಯನ ಕಡೆಗೆ ಹಿಡಿದರೆ ಸೂಜಿಮೊನೆಯಷ್ಟೂ ಬೆಳಕು ತೂರುವುದಿಲ್ಲ. ಹಿಮ ಬಿದ್ದು, ಕರಗಿ, ಮತ್ತೆ ಗಡ್ಡೆಯಾಗುವ ಸರದಿಗಳನ್ನು ಅದು ಹರಿಯದೆ ತಾಳಿಕೊಂಡಿದೆ. ಹಿಮಕ್ಕಿಂತ ಭಾರವಾದದ್ದು ಮೇಲೆ ನಿಲ್ಲುವ ನೀರು: 15 ಅಡಿ ಕೊಳದ ಮೇಲೆ ಒಂದೇ ಒಂದು ಇಂಚು ನೀರು ನಿಂತರೂ ಅದರ ತೂಕ 400 ಕಿಲೋ ದಾಟುತ್ತದೆ. ಅದಕ್ಕೆ ಕೆಳಗಿನಿಂದ ಆಸರೆ ಕೊಡುವುದು ಕೊಳದ ನೀರೇ. ಎಲ್ಲೋ ಸಣ್ಣ ಸೋರಿಕೆಯಿದ್ದು ಒಳಗಿನ ಮಟ್ಟ ಇಳಿದರೆ ಆ ಭಾರವೆಲ್ಲ ಅಂಚಿನ ಕಣ್ಣುಗಳ ಮೇಲೆ ಬಿದ್ದು ಹೊದಿಕೆ ಹರಿಯುತ್ತದೆ, ಕೆಲವೊಮ್ಮೆ ಗೋಡೆಯ ಮೇಲಂಚಿನ ಪಟ್ಟಿಯೇ ಬಾಗುತ್ತದೆ. ಮುಚ್ಚುವ ಮೊದಲು ಕೆಲವು ದಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡುವುದು ಈ ಕಾರಣಕ್ಕೆ ಅಗತ್ಯ, ಮತ್ತು ಕರಗಿದ ನೀರನ್ನು ಎತ್ತಿಹಾಕಲು ಸಣ್ಣ ಪಂಪೊಂದನ್ನು ಬೇರೆಯಾಗಿ ಕೊಳ್ಳಲೇಬೇಕು. ಮೇಲೆ ಕಟ್ಟಿದ ಗಡ್ಡೆಯನ್ನು ಸಲಿಕೆಯಿಂದ ಒಡೆಯಲು ಹೋಗಬಾರದು. ಅದರ ಚೂಪು ಅಂಚು ಹೊದಿಕೆಯನ್ನೂ ಲೈನರನ್ನೂ ಕೊಯ್ಯುತ್ತದೆ.

ದುರ್ಬಲವಾದದ್ದು ತಂತಿ ಹಗ್ಗ ಮತ್ತು ವಿಂಚು. ತಂತಿಯ ಪ್ಲಾಸ್ಟಿಕ್ ಲೇಪ ಚಳಿಗೆ ಬಿರಿದು, ವಿಂಚಿನ ಹಲ್ಲು ಜಾರಿ, ಜನವರಿಯ ಹೊತ್ತಿಗೆ ಹೊದಿಕೆಯ ಒಂದು ಪಕ್ಕ ಸಡಿಲವಾಗಿತ್ತು. ಗಾಳಿ ಒಳಗೆ ಹೊಕ್ಕು ಹೊದಿಕೆಯನ್ನು ಪಟಪಟ ಬಡಿಯುತ್ತಿದ್ದ ಸದ್ದು ರಾತ್ರಿ ಮನೆಯೊಳಕ್ಕೂ ಕೇಳಿಸುತ್ತಿತ್ತು ಎಂದು ಸೊಸೆ ಫೋನಿನಲ್ಲಿ ಹೇಳಿದ್ದಳು. ಹೊದಿಕೆಯ ಇಳಿಬಿದ್ದ ಅಂಚನ್ನು ಗೋಡೆಗೆ ಸೇರಿಸಿ ಸುತ್ತಲೂ ಸುತ್ತುವ ಅಗಲವಾದ ಪ್ಲಾಸ್ಟಿಕ್ ಪಟ್ಟಿಯನ್ನು ಅಲ್ಲಿ ಪ್ರತ್ಯೇಕವಾಗಿ ಮಾರುತ್ತಾರೆ, ಅದನ್ನು ಸುತ್ತಿದ ಮೇಲೆ ತೊಂದರೆ ನಿಂತಿತು. ಅದು ಕಿಟ್ಟಿನಲ್ಲಿಯೇ ಇರಬೇಕಿತ್ತು.

ಮೇ ತಿಂಗಳಲ್ಲಿ ಮಗ ಹೊದಿಕೆ ತೆಗೆದಾಗ ನೀರು ಸ್ವಲ್ಪ ಮಬ್ಬಾಗಿತ್ತಾದರೂ ಹಸಿರಾಗಿರಲಿಲ್ಲ, ಗೋಡೆ ಎಲ್ಲಿಯೂ ಉಬ್ಬಿರಲಿಲ್ಲ, ಲೈನರ್ ನೆಟ್ಟಗಿತ್ತು. ಅಲ್ಲಿನ ಮಟ್ಟಿಗೆ ಈ ಕಿಟ್ ಕೊಟ್ಟ ಬೆಲೆಗೆ ಮೋಸವಿಲ್ಲ. ವಿಂಚನ್ನು ನಂಬದೆ, ಹಗ್ಗ ಮತ್ತು ಪಟ್ಟಿಯನ್ನು ಸೇರಿಸಿಕೊಂಡರೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಇನ್ನು ದಾವಣಗೆರೆ. ಮಗ ಊರಿಗೆ ಬರುವಾಗ ಹೊದಿಕೆ, ತಂತಿ, ವಿಂಚು, ದಿಂಬು, ಬಿರಡೆಗಳನ್ನು ತಂದ. ಶಾಕ್ ಪುಡಿಯಂಥ, ಬೆಂಕಿಗೆ ಇಂಬು ಕೊಡುವ ಆಕ್ಸಿಡೈಸರ್‌ಗಳನ್ನು ವಿಮಾನದ ಸಾಮಾನಿನಲ್ಲಿ ತರಲು ಅನುಮತಿ ಇಲ್ಲದ ಕಾರಣ ರಾಸಾಯನಿಕದ ಪೊಟ್ಟಣ ಅಲ್ಲಿಯೇ ಉಳಿಯಿತು. ನಮ್ಮ ಕೊಳ ಪೈಪಿನ ಚೌಕಟ್ಟಿಗೆ ದಪ್ಪ ಪಿವಿಸಿ ಚೀಲವನ್ನು ತೂಗುಹಾಕಿದ ಬಗೆಯದು, 15 ಅಡಿ ಅಗಲ, 4 ಅಡಿ ಎತ್ತರ, ತುಂಬಿದಾಗ ಸುಮಾರು 17 ಸಾವಿರ ಲೀಟರ್ ನೀರು. ಇಂಥ ಮೆದುಗೋಡೆಯ ಕೊಳವನ್ನು ಹಿಮದ ನಾಡಿನಲ್ಲಿ ಹೊರಗೆ ಬಿಡುವಂತೆಯೇ ಇಲ್ಲ. ಬಿಚ್ಚಿ, ಒಣಗಿಸಿ, ಮನೆಯೊಳಗೆ ಇಡಬೇಕು, ಏಕೆಂದರೆ ಪಿವಿಸಿ ಚಳಿಗೆ ಬಿರುಸಾಗಿ ಮಡಿಕೆಗಳಲ್ಲಿ ಸೀಳುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ, ಮಧ್ಯಾಹ್ನ ಬಿಸಿಲು 30ರ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ಕೊಳ ನಿಂತಲ್ಲೇ ನಿಲ್ಲಬಹುದು. ಗಡ್ಡೆಯ ಭಯವಿಲ್ಲದ ಮೇಲೆ ಗಾಳಿದಿಂಬು, ಆ್ಯಂಟಿಫ್ರೀಜ್, ನೀರಿನ ಮಟ್ಟ ಇಳಿಸುವುದು ಇವುಗಳಿಗೆ ಇಲ್ಲಿ ಅರ್ಥವಿಲ್ಲ. ಬಿರಡೆಗಳ ಅಳತೆಯೂ ಈ ಬಗೆಯ ಕೊಳದ ಬಾಯಿಗಳಿಗೆ ಹೊಂದಲಿಲ್ಲ.

ಗಡ್ಡೆಯ ಕಾಟವಿಲ್ಲವೆಂದ ಮಾತ್ರಕ್ಕೆ ಇಲ್ಲಿ ಕೆಲಸ ಸುಲಭವೆಂದು ತಿಳಿಯಬಾರದು. ಮಿನಿಯಾಪೊಲಿಸ್‌ನಲ್ಲಿ ಕೊಳವನ್ನು ಮುಚ್ಚಿ ಆರೇಳು ತಿಂಗಳು ಅದರ ಕಡೆ ನೋಡದಿದ್ದರೂ ನೀರು ಕೆಡದಿರಲು ಕಾರಣ ಕಿಟ್ಟಿನ ರಾಸಾಯನಿಕ ಮಾತ್ರವಲ್ಲ, ಚಳಿ. ಅಷ್ಟು ತಣ್ಣನೆಯ ನೀರಿನಲ್ಲಿ ಪಾಚಿಯೂ ಬೆಳೆಯುವುದಿಲ್ಲ, ಕ್ಲೋರಿನ್ನೂ ಬೇಗ ಕಳೆಯುವುದಿಲ್ಲ. ನಮ್ಮ ಕೊಳದ ನೀರು ಪುಷ್ಯ ಮಾಸದಲ್ಲಿಯೂ ಪಾಚಿಗೆ ಹಿತವಾಗಿಯೇ ಇರುತ್ತದೆ. ಮುಚ್ಚಿದ ಕೆಲವೇ ವಾರಗಳಲ್ಲಿ ಅಂಚಿನ ಪಿವಿಸಿಯ ಮೇಲೆ ಬೆರಳಾಡಿಸಿದರೆ ಲೋಳೆ ತಾಗಲು ಶುರುವಾಯಿತು, ಹೊದಿಕೆಯ ಮಡಿಕೆ ಎತ್ತಿ ನೋಡಿದರೆ ತೆಳು ಹಸಿರು ಗೆರೆ ಕಾಣಿಸಿತು. ಆದಕಾರಣ ಇಲ್ಲಿ ಹೊದಿಕೆ ಹಾಕಿದ ಮೇಲೂ ವಾರಕ್ಕೊಮ್ಮೆ ಪಂಪನ್ನು ಕೆಲವು ಗಂಟೆ ಓಡಿಸಿ, ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ ನೋಡಿ, ಕಡಿಮೆಯಾದಷ್ಟನ್ನು ಸೇರಿಸುತ್ತಿರಬೇಕು. ಪಂಪನ್ನು ಬಿಚ್ಚಿ ಒಳಗಿಡಿ ಎಂಬ ಹಿಮದ ನಾಡಿನ ಸೂಚನೆಯನ್ನು ಇಲ್ಲಿ ಪಾಲಿಸಿದರೆ ಸಂಕ್ರಾಂತಿಯ ಹೊತ್ತಿಗೆ ಕೊಳ ಕೆರೆಯಾಗುತ್ತದೆ.

ನೀರಿನ ಗಡಸುತನದಲ್ಲಿಯೂ, ಅಂದರೆ ಅದರಲ್ಲಿ ಕರಗಿರುವ ಸುಣ್ಣದ ಅಂಶದಲ್ಲಿಯೂ, ಎರಡು ಊರಿನ ಲೆಕ್ಕ ಬೇರೆ. ಕ್ಯಾಲ್ಸಿಯಂ ಕಾರ್ಬೊನೇಟ್ ತಣ್ಣೀರಿನಲ್ಲಿ ಹೆಚ್ಚು, ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಸಕ್ಕರೆ, ಉಪ್ಪುಗಳಿಗೆ ತದ್ವಿರುದ್ಧವಾದ ಗುಣ ಇದು. ಮಿಸ್ಸಿಸಿಪ್ಪಿ ನದಿಯಿಂದ ಎತ್ತಿ ಮೆದುಗೊಳಿಸಿ ಕೊಡುವ ಮಿನಿಯಾಪೊಲಿಸ್‌ನ ನಲ್ಲಿನೀರು ಚಳಿಗಾಲದಲ್ಲಿ ಸುಣ್ಣದ ಅಂಶಕ್ಕೆ ಹಸಿದಿರುತ್ತದೆ, ಹಾಗಾಗಿ ಅಲ್ಲಿ ಮುಚ್ಚುವ ಮೊದಲು ಗಡಸುತನ ತೀರ ಕಡಿಮೆಯಾಗದಂತೆ ನೋಡಿಕೊಳ್ಳಲು ಹೇಳುತ್ತಾರೆ. ನಮ್ಮ ಕಡೆ ನಗರಕ್ಕೆ ಭದ್ರಾ ನಾಲೆ ಮತ್ತು ತುಂಗಭದ್ರೆಯ ನೀರಿದ್ದರೂ ತೋಟದ ಮನೆಗಳಿಗೆ ಬೋರ್‌ವೆಲ್ಲೇ ಗತಿ. ಚಿತ್ರದುರ್ಗದ ಕಡೆಗಂತೂ ಕೊಳವೆಬಾವಿಯ ನೀರಿನ ಗಡಸು ಎಷ್ಟೆಂಬುದಕ್ಕೆ ಹಂಡೆಯೊಳಗಿನ ಬಿಳಿ ಕಟ್ಟೇ ಸಾಕ್ಷಿ. ಈ ನೀರಿಗೆ ಗಡಸು ಹೆಚ್ಚಿಸುವ ಪುಡಿ ಹಾಕುವುದು ತಪ್ಪು, ಬ್ಲೀಚಿಂಗ್ ಪೌಡರನ್ನೇ ಕ್ಲೋರಿನ್ನಿಗಾಗಿ ನಂಬುವುದೂ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಅದರಲ್ಲಿರುವ ಸುಣ್ಣ ನೀರಿಗೆ ಸೇರಿ, ಕರಗದೆ ಉಳಿದ ಕಣ ತಳದ ಪಿವಿಸಿಯ ಮೇಲೆ ಕೂತು ಬಣ್ಣ ತೆಗೆಯುತ್ತದೆ. ದ್ರವರೂಪದ ಸೋಡಿಯಂ ಹೈಪೊಕ್ಲೋರೈಟ್ ಮೇಲು. ಶೇಕಡಾ 10ರ ದ್ರಾವಣವಾದರೆ 17 ಸಾವಿರ ಲೀಟರ್ ನೀರಿನಲ್ಲಿ ಕ್ಲೋರಿನ್ನನ್ನು 10 ಪಿಪಿಎಂ ಏರಿಸಲು ಸುಮಾರು 1.7 ಲೀಟರ್ ಸಾಕು. ಕ್ಯಾನು ಬಿಸಿಲಿನಲ್ಲಿದ್ದರೆ ಅದರ ಸತ್ವ ಇಳಿಯುತ್ತದೆ, ಹೊಸದಾಗಿ ತಂದು ನೆರಳಿನಲ್ಲಿಡಬೇಕು. ಅದನ್ನು ಆಸಿಡ್ಡಿನ ಜೊತೆಗೂ ಬೇರೆ ಬಗೆಯ ಕ್ಲೋರಿನ್ನಿನ ಜೊತೆಗೂ ಎಂದಿಗೂ ಬೆರೆಸಬಾರದು. ಪಿಎಚ್ 7.6 ದಾಟದಂತೆ ನೋಡಿಕೊಂಡರೆ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಹೊದಿಕೆ ಇಲ್ಲಿಯೂ ತನ್ನ ಬೆಲೆಯನ್ನು ತೋರಿಸಿತು. ಕಾರ್ತಿಕದಿಂದ ಮುಂದೆ ನಮ್ಮಲ್ಲಿ ಮೆಕ್ಕೆಜೋಳದ ಒಕ್ಕಲು; ಯಂತ್ರ ಓಡಿದ ಕಡೆಯಿಂದ ಹಾರಿಬರುವ ಹೊಟ್ಟು, ರಸ್ತೆಯ ಕೆಂಧೂಳು, ಬೇವಿನೆಲೆ ಎಲ್ಲವೂ ತೆರೆದ ನೀರಿಗೆ ಬಂದು ಬೀಳುತ್ತವೆ. ಹೊಟ್ಟು ನೀರಿನಲ್ಲಿ ಕೊಳೆತರೆ ಕ್ಲೋರಿನ್ನೆಲ್ಲ ಅದಕ್ಕೇ ಮುಗಿದುಹೋಗುತ್ತದೆ. ಹೊದಿಕೆ ಹಾಕಿದ ಮೇಲೆ ಫಿಲ್ಟರಿನೊಳಗೆ ಕಸ ಹಿಡಿಯುವ ಕಾರ್ಟ್ರಿಜ್ ತೊಳೆಯುವ ಕೆಲಸ ಎದ್ದು ಕಾಣುವಷ್ಟು ಕಡಿಮೆಯಾಯಿತು, ಬಿಸಿಲಿಗೆ ಆವಿಯಾಗಿ ಹೋಗುವ ನೀರೂ ಉಳಿಯಿತು. ಮೂರು ಟ್ಯಾಂಕರಿಗೂ ಹೆಚ್ಚು ನೀರು ಹಿಡಿಯುವ ಕೊಳಕ್ಕೆ ಇದು ಸಣ್ಣ ಉಳಿತಾಯವಲ್ಲ.

ಆದರೆ ಕಟ್ಟುವ ವಿಧಾನ ಇಲ್ಲಿಯೂ ಕೈಕೊಟ್ಟಿತು, ಅದಕ್ಕೆ ಪರಿಹಾರ ನಮ್ಮ ತೋಟ ನೋಡಿಕೊಳ್ಳುವವರಿಂದ ಬಂತು. ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿ, “ಅಣ್ಣಾರೆ, ಈ ತೂತಿಗೆ ಹಗ್ಗ ಹಾಕಿದ್ರೆ ಗಾಳಿ ಬಂದಾಗ ತೂತೇ ಹರ್ದು ಹೋಗ್ತತಿ, ಕಲ್ಲು ಕಟ್ಟನ ಬಿಡ್ರಿ” ಎಂದರು. ಜೋಳದ ರಾಶಿಗೆ ತಾಡಪಾಲು ಕಟ್ಟುವವರೆಲ್ಲ ಬಲ್ಲ ಕ್ರಮ ಇದು. ಅಂಚಿನಿಂದ ಒಂದು ಗೇಣು ಒಳಗೆ, ಹೊದಿಕೆಯ ಕೆಳಗಡೆ ನಿಂಬೆಗಾತ್ರದ ನುಣುಪಾದ ಕಲ್ಲಿಟ್ಟು, ಮೇಲಿನಿಂದ ಅದನ್ನು ಬಟ್ಟೆಯ ಸಮೇತ ಹಿಡಿದು, ಕಲ್ಲಿನ ಬುಡಕ್ಕೆ ನೈಲಾನ್ ಹಗ್ಗದ ಕುಣಿಕೆ ಬಿಗಿದು, ಇನ್ನೊಂದು ತುದಿಯನ್ನು ಚೌಕಟ್ಟಿನ ಕಾಲಿಗೆ ಕಟ್ಟುತ್ತಾರೆ. ಎಳೆತ ಒಂದು ಲೋಹದ ಕಣ್ಣಿನ ಮೇಲೆ ಬೀಳದೆ ಅಂಗೈಯಗಲದ ನೇಯ್ಗೆಗೆ ಹಂಚಿಹೋಗುತ್ತದೆ. ಸುತ್ತಲೂ ಹೀಗೆ ಕಟ್ಟಿದ ಮೇಲೆ ಹೊದಿಕೆ ಅಲುಗಲಿಲ್ಲ. ವಿಂಚನ್ನು ಪೆಟ್ಟಿಗೆಗೆ ಹಿಂದಿರುಗಿಸಿದೆವು. ಚಿತ್ರದುರ್ಗದ ಸುತ್ತ ಗಾಳಿಯಂತ್ರಗಳು ನಿಂತಿರುವ ಗುಡ್ಡಗಳ ಕೆಳಗಿನ ಬಯಲಿನಲ್ಲಿ ಕೊಳ ಇಟ್ಟವರಿಗೆ ಈ ಕಟ್ಟು ಇನ್ನೂ ಹೆಚ್ಚು ಬೇಕಾದೀತು. ಕಲ್ಲು ಮಾತ್ರ ಚೂಪಿರಬಾರದು, ಮತ್ತು ಅದು ಕೊಳದ ಗೋಡೆಗೆ ಉಜ್ಜದಂತೆ ಹೊರಭಾಗದಲ್ಲಿ ಇಳಿಬಿದ್ದಿರಬೇಕು.

ಮಳೆಯ ವಿಚಾರ ಎಚ್ಚರಿಕೆಯದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನವೆಂಬರ್, ಡಿಸೆಂಬರ್‌ನಲ್ಲಿಯೂ ನಮ್ಮಲ್ಲಿ ಮಳೆ ಬೀಳುತ್ತದೆ. ಹೊದಿಕೆಯ ತಗ್ಗಿನಲ್ಲಿ ನೀರು ನಿಂತರೆ ಒಂದು ವಾರದಿಂದ ಹತ್ತು ದಿನದೊಳಗೆ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗುತ್ತದೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಕ್ಲೋರಿನ್ ಇರುವುದು ಹೊದಿಕೆಯ ಕೆಳಗಿನ ನೀರಿನಲ್ಲಿ, ಮೇಲಿನದರಲ್ಲಲ್ಲ. ನಾವು ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದನ್ನು ಊದಿ, ಅದರ ವಾಲ್ವಿನ ಲೋಹಕ್ಕೆ ದಪ್ಪ ಬಟ್ಟೆ ಸುತ್ತಿ, ಹೊದಿಕೆಯ ಕೆಳಗೆ ನಡುವಿನಲ್ಲಿ ಕಟ್ಟಿ ತೇಲಿಬಿಟ್ಟೆವು. ನಡು ಎತ್ತರವಾಗಿ, ಅಂಚು ಬಿಗಿಯಾಗಿ ಇದ್ದಾಗ ಮಳೆನೀರು ಬಹುಪಾಲು ಹೊರಗೆ ಜಾರುತ್ತದೆ. ಉಳಿದದ್ದನ್ನು ಹೊದಿಕೆಯ ಮೇಲಿಟ್ಟ ಸಣ್ಣ ಪೈಪಿನಿಂದ ಸೆಳೆದು ಹಾಕಬಹುದು. ಕಿಟ್ಟಿನ ಗಾಳಿದಿಂಬನ್ನೂ ಈ ಕೆಲಸಕ್ಕೆ ಹಚ್ಚಬಹುದಿತ್ತು, ಆದರೆ ಅದರ ಎತ್ತರ ಸಾಲದು.

ಎರಡೂ ಊರಿಗೆ ಸಮಾನವಾಗಿ ಹೇಳಬೇಕಾದ ಮಾತೊಂದಿದೆ. ಈ ಹೊದಿಕೆ ಕಸವನ್ನು ತಡೆಯುತ್ತದೆ, ಮನುಷ್ಯರ ಭಾರವನ್ನಲ್ಲ. ಮಗುವೋ ನಾಯಿಯೋ ಅದರ ಮೇಲೆ ಕಾಲಿಟ್ಟರೆ ಬಟ್ಟೆ ಒಳಕ್ಕೆ ಸುತ್ತಿಕೊಂಡು, ತೆರೆದ ನೀರಿಗಿಂತಲೂ ಹೆಚ್ಚಿನ ಅಪಾಯವಾಗುತ್ತದೆ. ಏಣಿಯನ್ನು ತೆಗೆದು ಮನೆಯೊಳಗೆ ಬೀಗ ಹಾಕಿಡಬೇಕು, ಕೊಳದ ಪಕ್ಕದಲ್ಲಿ ಏರಲು ಅನುಕೂಲವಾಗುವ ಡ್ರಮ್ಮು, ಕಟ್ಟಿಗೆ ರಾಶಿ ಇರಬಾರದು. ಪೆಟ್ಟಿಗೆಯ ಮೇಲೆ ಈ ಎಚ್ಚರಿಕೆಯನ್ನು ದೊಡ್ಡದಾಗಿಯೇ ಮುದ್ರಿಸಿದ್ದಾರೆ, ಆ ಬಗ್ಗೆ ತಯಾರಕರನ್ನು ಮೆಚ್ಚುತ್ತೇನೆ.

ಇದಕ್ಕಿಂತ ಚಿಕ್ಕ ಕೊಳ ಇಟ್ಟವರು, ಉದಾಹರಣೆಗೆ 10 ಅಡಿ ಅಗಲ, ಎರಡೂವರೆ ಅಡಿ ಎತ್ತರದ್ದನ್ನು ಇಟ್ಟವರು, ಮುಚ್ಚುವ ಗೋಜಿಗೇ ಹೋಗದೆ ಬಿಚ್ಚಿಡುವುದು ಉತ್ತಮ. ಪೈಪಿನ ಚೌಕಟ್ಟಿನ ಕೊಳಕ್ಕೆ ತಗಡಿನ ಗೋಡೆಯ ನಿಯಮ ಅನ್ವಯಿಸುವುದಿಲ್ಲ, ಅದನ್ನು ಬರಿದು ಮಾಡಿ ಕಳಚಬಹುದು. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಹೊದಿಕೆಯಿಲ್ಲದೆ ಕೆಲವು ದಿನ ಬಿಸಿಲಿಗೆ ಬಿಟ್ಟು, ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ನೀರನ್ನು ಅಡಿಕೆಗೋ ತೆಂಗಿಗೋ ತಿರುಗಿಸಬಹುದು. ತಾಮ್ರವಿರುವ ಪಾಚಿನಾಶಕ ಹಾಕಿದ್ದರೆ ಮಾತ್ರ ಗಿಡಕ್ಕೆ ಬಿಡಬಾರದು. ಚೀಲವನ್ನು ನೆರಳಿನಲ್ಲಿ ಎರಡೂ ಮಗ್ಗುಲು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಸಡಿಲವಾಗಿ ಸುತ್ತಿ, ಇಲಿ ಹೋಗದ ತಗಡಿನ ಪೆಟ್ಟಿಗೆಯಲ್ಲಿ ಇಡಬೇಕು. ಒಕ್ಕಲಿನ ಕಾಲದಲ್ಲಿ ತೋಟದ ಮನೆಗಳಿಗೆ ಇಲಿ ನುಗ್ಗುವುದು ಹೊಸತಲ್ಲ, ಮಡಿಸಿಟ್ಟ ಪಿವಿಸಿಯನ್ನು ಅವು ಒಂದೇ ರಾತ್ರಿಯಲ್ಲಿ ಜರಡಿ ಮಾಡಬಲ್ಲವು.

ಕೊಳ್ಳುವ ವಿಚಾರಕ್ಕೆ ಬಂದರೆ, ದಾವಣಗೆರೆ, ಚಿತ್ರದುರ್ಗದವರು ಇಡೀ ಕಿಟ್ಟನ್ನು ಹೊರದೇಶದಿಂದ ತರಿಸುವ ಅಗತ್ಯವಿಲ್ಲ. ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ಒಳಮೈ ಕಪ್ಪಿರುವ ದಪ್ಪ ತಾಡಪಾಲನ್ನು ಕೊಳದ ಅಗಲಕ್ಕಿಂತ 4 ಅಡಿ ಹೆಚ್ಚಿಗೆ ಅಳತೆ ಕೊಟ್ಟು ಕೊಂಡರೆ ಹೊದಿಕೆಯ ಕೆಲಸ ನಡೆಯುತ್ತದೆ. ಚೌಕದ ತಾಡಪಾಲು ದುಂಡು ಕೊಳದ ಮೇಲೆ ನಾಲ್ಕು ಕಡೆ ಜೋತುಬೀಳುತ್ತದೆ, ಆ ಮೂಲೆಗಳನ್ನು ಒಳಕ್ಕೆ ಮಡಿಸಿ ಕಲ್ಲು ಕಟ್ಟಿದರೆ ಸಾಕು. ಅಮೆರಿಕದ ಹೊದಿಕೆಯ ನೇಯ್ಗೆ ಅದಕ್ಕಿಂತ ಮೇಲು ಎಂಬುದು ನಿಜ, ಆದರೆ ಇಲ್ಲಿನ ಬಿಸಿಲಿಗೆ ಅದರ ನೀಲಿಯೂ ಮಾಸತೊಡಗಿದೆ. ಹಣವನ್ನು ಪರೀಕ್ಷಾ ಪಟ್ಟಿ, ಒಳ್ಳೆಯ ಹೈಪೊಕ್ಲೋರೈಟ್ ಮತ್ತು ಒಂದು ಹೆಚ್ಚುವರಿ ಕಾರ್ಟ್ರಿಜ್‌ಗೆ ಹಾಕುವುದು ಮೇಲು. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯ, ಕೆನಡಾದಂಥ ಕಡೆ ಮಕ್ಕಳಿದ್ದು, ಅವರ ಮನೆಯಲ್ಲಿ ತಗಡಿನ ಗೋಡೆಯ ಕೊಳವಿದ್ದರೆ ಅವರಿಗೆ ಈ ಕಿಟ್ಟನ್ನು ಧೈರ್ಯವಾಗಿ ಹೇಳಬಹುದು.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುವ ನಮ್ಮ ಕಡೆ, ಕೊಳ ತೆರೆಯುವ ಕೆಲಸವೂ ಅದೇ ಹೊತ್ತಿಗೆ ಬರುತ್ತದೆ. ಹೊದಿಕೆಯನ್ನು ಎಳೆದು ತೆಗೆದರೆ ಮೇಲಿನ ಧೂಳೆಲ್ಲ ನೀರಿಗೆ ಬೀಳುತ್ತದೆ. ಮೊದಲು ನಿಂತ ನೀರನ್ನು ಸೆಳೆದು, ಒಣಗಿದ ಮೇಲೆ ಮೆತ್ತನೆಯ ಪೊರಕೆಯಿಂದ ಗುಡಿಸಿ, ಇಬ್ಬರು ಎದುರುಬದುರು ನಿಂತು ಅಂಚಿನಿಂದ ನಡುವಿಗೆ ಮಡಿಸುತ್ತಾ ಬಂದು, ಎತ್ತಿಕೊಂಡು ಹೊರಗೆ ಇಳಿಸಬೇಕು. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿಟ್ಟರೆ ಹೊದಿಕೆ ಮುಂದಿನ ಮಾಗಿಗೂ ಬರುತ್ತದೆ.